ಒಂದೇ ಬಟ್ಟೆ, ಹಲವು ನೋಟ: ಗುಜರಾತಿನ ಛಾಯಾಚಿತ್ರಗಳಲ್ಲಿ ನೂಲು ಮತ್ತು ನೇಯ್ಗೆ

ಛಾಯಾಚಿತ್ರಕಲೆಯಲ್ಲಿ ವಸ್ತು ಬೇರೆ, ಶೈಲಿ ಬೇರೆ. ಕ್ಯಾಮೆರಾದ ಮುಂದೆ ಇರುವುದು ವಸ್ತು. ಅದನ್ನು ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ, ಯಾವ ಗಳಿಗೆಯಲ್ಲಿ, ಸುತ್ತಮುತ್ತಲಿನ ಏನನ್ನು ಸೇರಿಸಿ ಏನನ್ನು ಬಿಟ್ಟು ತೆಗೆದರು ಎಂಬುದೆಲ್ಲ ಕೂಡಿ ಶೈಲಿಯಾಗುತ್ತದೆ. ಶೈಲಿಯನ್ನು ಚಿತ್ರದ ಮೇಲೆ ಹಚ್ಚುವ ಅಲಂಕಾರವೆಂದು ತಿಳಿಯುವವರು ಬಹಳ. ಆದರೆ ಶೈಲಿ ಬದಲಾದ ಕೂಡಲೇ ಅದೇ ವಸ್ತುವಿಗೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಒಂದೇ ವಸ್ತುವನ್ನು ಹಿಡಿದು, ಬೇರೆ ಬೇರೆ ಛಾಯಾಗ್ರಾಹಕರು ಅದನ್ನು ಹೇಗೆ ಕಂಡರೆಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಅಂಥ ಅಭ್ಯಾಸಕ್ಕೆ ಬಟ್ಟೆ ಒಳ್ಳೆಯ ವಸ್ತು. ಗುಜರಾತು ಅದಕ್ಕೆ ಒಳ್ಳೆಯ ನೆಲ. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರ ಮೊದಲ ಹತ್ತಿ ಗಿರಣಿ 1861ರಲ್ಲಿ ಕೆಲಸ ಶುರುಮಾಡಿತು. ಮುಂದಿನ ನೂರು ವರ್ಷ ಊರಿನ ಹಣ, ಮುಷ್ಕರ, ವಾಸ್ತುಶಿಲ್ಪ, ಶಿಕ್ಷಣ ಸಂಸ್ಥೆಗಳು ಎಲ್ಲವೂ ಬಟ್ಟೆಯ ಸುತ್ತಲೇ ಬೆಳೆದವು. ಸೂರತ್ ಜರಿಗೆ ಹೆಸರಾಗಿತ್ತು. ಈಗ ಕೃತಕ ನೂಲಿನ ಸೀರೆಗಳ ದೊಡ್ಡ ಮಾರುಕಟ್ಟೆ. ವಡೋದರಾದ ಲಲಿತಕಲಾ ವಿಭಾಗ ಹಳ್ಳಿಯ ಕಸೂತಿಯನ್ನೂ ಭಿತ್ತಿಚಿತ್ರವನ್ನೂ ಕಲೆಯೆಂದು ಓದಲು ಕಲಿಸಿತು. ಅಹಮದಾಬಾದಿನ ಪಶ್ಚಿಮಕ್ಕೆ ಹೆದ್ದಾರಿಯ ಮಗ್ಗುಲಲ್ಲಿರುವ ಬೋಡಕ್‌ದೇವ್‌ನಲ್ಲಿ ಗಿರಣಿಯ ಹೊಗೆಕೊಳವೆಗಳಿಲ್ಲ. ಅಲ್ಲಿ ಬಟ್ಟೆ ಕಾಣುವುದು ಗಾಜಿನ ಹಿಂದೆ, ಗೊಂಬೆಗಳ ಮೈಮೇಲೆ, ದೀಪದ ಬೆಳಕಿನಲ್ಲಿ. ನೂಲುವ ಕೈಯಿಂದ ಈ ಗಾಜಿನವರೆಗಿನ ದಾರಿಯ ಬಹುಪಾಲು ಛಾಯಾಚಿತ್ರಗಳಲ್ಲಿ ಉಳಿದಿದೆ.

ಮೊದಲನೆಯದು ದಾಖಲೆಯ ಶೈಲಿ. ಬಟ್ಟೆ ಏನು, ಹೇಗೆ ನೇಯ್ದದ್ದು, ಎಷ್ಟು ಅಗಲ, ಯಾವ ಬಣ್ಣ ಎಂಬಷ್ಟೇ ಇದರ ಪ್ರಶ್ನೆ. ಕ್ಯಾಮೆರಾದ ಹುಟ್ಟಿನ ಕಾಲದಲ್ಲಿ ಈ ಸರಳ ಪ್ರಶ್ನೆಗೇ ಅದರಲ್ಲಿ ಉತ್ತರವಿರಲಿಲ್ಲ. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ ಬಗ್ಗೆ 18 ಸಂಪುಟಗಳ ಸಂಗ್ರಹ ಹೊರತಂದಾಗ ಅದರೊಳಗೆ ಅಂಟಿಸಿದ್ದು ಚಿತ್ರಗಳನ್ನಲ್ಲ, ಕತ್ತರಿಸಿದ ನಿಜವಾದ ಬಟ್ಟೆಯ ತುಂಡುಗಳನ್ನು. ಒಟ್ಟು 700 ಮಾದರಿಗಳು. ಅಂಥ 20 ಪ್ರತಿಗಳು ಸಿದ್ಧವಾದವು. 13 ಬ್ರಿಟನ್ನಿನಲ್ಲಿ ಉಳಿದವು, 7 ಭಾರತಕ್ಕೆ ಬಂದವು. ಇಲ್ಲಿನ ಗಿರಾಕಿಗೆ ಯಾವ ಬಟ್ಟೆ ಹಿಡಿಸುತ್ತದೆಂದು ಅಲ್ಲಿನ ಗಿರಣಿಗಳು ಕಲಿಯಲಿ ಎಂಬುದು ಆ ಸಂಗ್ರಹದ ಗುರಿ. ವ್ಯಾಪಾರಕ್ಕೆ ಬಣ್ಣ ಬೇಕು, ಮೈ ಬೇಕು. ಅಂದಿನ ಛಾಯಾಚಿತ್ರದಲ್ಲಿ ಬಣ್ಣವೇ ಇರಲಿಲ್ಲ. ಅಷ್ಟೇ ಅಲ್ಲ, ಆಗಿನ ಗಾಜಿನ ಫಲಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಕೆಂಪು ತಾಗುತ್ತಲೇ ಇರಲಿಲ್ಲ. ಹೀಗಾಗಿ ನೀಲಿ ಅದ್ದಿದ ಬಟ್ಟೆ ಚಿತ್ರದಲ್ಲಿ ಬಿಳಿಚಿಕೊಂಡು, ಮಂಜಿಷ್ಠದ ಕೆಂಪು ಬಾಂಧಣಿ ಕಪ್ಪಾಗಿ ಬರುತ್ತಿತ್ತು. ಹತ್ತೊಂಬತ್ತನೇ ಶತಮಾನದ ಚಿತ್ರಗಳಲ್ಲಿ ಮದುವಣಗಿತ್ತಿಯರು ಕರಿ ಸೀರೆ ಉಟ್ಟಂತೆ ಕಂಡರೆ ಅದು ಫಲಕದ ದೋಷವಿರಬಹುದು. ಹಳೆಯ ಚಿತ್ರ ನೋಡಿ ಉಡುಪಿನ ಬಣ್ಣ ಊಹಿಸುವವರು ಇದನ್ನು ನೆನಪಿಡಬೇಕು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ.

ಈ ಶೈಲಿಯ ಇಂದಿನ ಮನೆಯೆಂದರೆ ವಸ್ತುಸಂಗ್ರಹಾಲಯ. ಅಹಮದಾಬಾದಿನ ಶಾಹೀಬಾಗ್‌ನ ಕ್ಯಾಲಿಕೊ ಜವಳಿ ಸಂಗ್ರಹಾಲಯವನ್ನು ಗೌತಮ್ ಸಾರಾಭಾಯಿ ಮತ್ತು ಅವರ ಸಹೋದರಿ ಗೀರಾ ಸಾರಾಭಾಯಿ 1949ರಲ್ಲಿ ಸ್ಥಾಪಿಸಿದರು. ಹಳೆಯ ಬಟ್ಟೆಗೆ ಬೆಳಕೇ ಶತ್ರು. ಸಾಧಾರಣವಾಗಿ ಜವಳಿ ಸಂಗ್ರಹಗಳಲ್ಲಿ ಬೆಳಕನ್ನು 50 ಲಕ್ಸ್‌ನಷ್ಟು ಮಂದವಾಗಿ ಇಡುತ್ತಾರೆ. ಬಟ್ಟೆಯನ್ನು ಸಮತಟ್ಟಾಗಿ ಹಾಸಿ, ಕ್ಯಾಮೆರಾವನ್ನು ನೆಟ್ಟಗೆ ಮೇಲಿನಿಂದ ಹಿಡಿದು, ಎರಡು ಬದಿಗಳಿಂದ ಸಮನಾದ ಬೆಳಕು ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ ಇಟ್ಟು ತೆಗೆಯುವುದು ಇಲ್ಲಿನ ಕ್ರಮ. ನೇಯ್ಗೆಯ ಉಬ್ಬುತಗ್ಗು ಕಾಣಬೇಕೆಂದರೆ ಒಂದು ದೀಪವನ್ನು ಆರಿಸಿ, ಇನ್ನೊಂದನ್ನು ಬಟ್ಟೆಯ ಮೈಗೆ ತಾಗುವಷ್ಟು ಕೆಳಗಿಳಿಸಬೇಕು. ಆಗ ಹಾಸು ಹೊಕ್ಕಿನ ಒಂದೊಂದು ಎಳೆಯೂ ತನ್ನ ಪುಟ್ಟ ನೆರಳು ಚೆಲ್ಲುತ್ತದೆ. ಪಾಟಣದ ಪಟೋಲಾಕ್ಕೆ ಈ ಉಪಾಯ ಅಷ್ಟಾಗಿ ಬೇಡ. ಹಾಸಿನ ನೂಲನ್ನೂ ಹೊಕ್ಕಿನ ನೂಲನ್ನೂ ನೇಯುವ ಮೊದಲೇ ಕಟ್ಟಿ ಬಣ್ಣ ಹಾಕುವುದರಿಂದ ಅದರ ಸೊಗಸು ಎಳೆಗಳ ಬಣ್ಣ ಕೂಡುವ ಅಂಚಿನಲ್ಲಿರುತ್ತದೆ. ಆ ಅಂಚು ಕೊಂಚ ಕಲೆಸಿಕೊಂಡಂತೆ ಕಾಣುವುದೇ ಅಸಲಿ ಪಟೋಲಾದ ಗುರುತು. ಮೇಲ್ಮೈ, ಒಳಮೈ ಒಂದೇ ಆದ್ದರಿಂದ ಒಂದು ಮೂಲೆಯನ್ನು ಮಡಿಚಿ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತಾರೆ. ದಾಖಲೆಯ ಶೈಲಿ ಶುಷ್ಕವೆಂಬ ಆರೋಪವಿದೆ. ಆದರೆ ನೇಕಾರನ ಬುದ್ಧಿಗೆ ಇದಕ್ಕಿಂತ ಹತ್ತಿರ ಹೋಗುವ ಶೈಲಿ ಇನ್ನೊಂದಿಲ್ಲ.

ಎರಡನೆಯದು ಸಂಕೇತದ ಶೈಲಿ. ಇಲ್ಲಿ ಬಟ್ಟೆ ತಾನಾಗಿ ಉಳಿಯದೆ ಇನ್ನೊಂದರ ಮಾತಾಗುತ್ತದೆ. ಗಾಂಧೀಜಿ 1915ರಲ್ಲಿ ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ತೆರೆದು, 1917ರಲ್ಲಿ ಸಾಬರಮತಿ ದಂಡೆಗೆ ಬಂದರು. ಚರಕದ ಹುಡುಕಾಟದಲ್ಲಿದ್ದ ಅವರಿಗೆ ಬಡೋದೆ (ವಡೋದರಾ) ಸಂಸ್ಥಾನದ ವಿಜಾಪುರದಲ್ಲಿ ಅಟ್ಟ ಸೇರಿದ್ದ ಚರಕಗಳನ್ನು ಹುಡುಕಿಕೊಟ್ಟವರು ಗಂಗಾಬೆನ್ ಮಜುಮದಾರ್. ಗಾಂಧೀಜಿಯ ಚರಕದ ಅತಿ ಪ್ರಸಿದ್ಧ ಚಿತ್ರ ತೆಗೆದದ್ದು 1946ರಲ್ಲಿ, ಪುಣೆಯಲ್ಲಿ. ತೆಗೆದವರು ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬರ್ಕ್‌ವೈಟ್. ಚಿತ್ರ ತೆಗೆಯುವ ಮುನ್ನ ನೂಲಲು ಕಲಿಯಬೇಕೆಂದು ಗಾಂಧೀಜಿಯ ಕಡೆಯವರು ಹೇಳಿದರು, ಆಕೆ ಕಲಿತರು. ಅದು ಗಾಂಧೀಜಿಯ ಮೌನದ ದಿನ. ಫ್ಲ್ಯಾಷ್ ಬಲ್ಬುಗಳನ್ನು ಮೂರೇ ಮೂರು ಸಲ ಉರಿಸಲು ಒಪ್ಪಿಗೆ ಸಿಕ್ಕಿತು. ಮೊದಲೆರಡು ಕೈಕೊಟ್ಟವು, ಮೂರನೆಯದು ಸರಿಯಾಯಿತು.

ಆ ಚಿತ್ರವನ್ನು ನಿಧಾನವಾಗಿ ನೋಡಬೇಕು. ಮುಂದೆ, ಕ್ಯಾಮೆರಾಕ್ಕೆ ತೀರ ಹತ್ತಿರದಲ್ಲಿ, ಚರಕದ ಚಕ್ರ ದೊಡ್ಡದಾಗಿ ಕಪ್ಪಾಗಿ ನಿಂತಿದೆ. ಅದರಾಚೆ, ನೆಲದ ಹಾಸಿಗೆಯ ಮೇಲೆ ಗಾಂಧೀಜಿ ಕುಳಿತಿದ್ದಾರೆ. ಕಿಟಕಿಯ ಬೆಳಕು ಬರುತ್ತಿದೆ. ಎಷ್ಟೋ ಜನ ಇದನ್ನು ಗಾಂಧೀಜಿ ನೂಲುತ್ತಿರುವ ಚಿತ್ರವೆಂದು ನೆನಪಿಟ್ಟುಕೊಂಡಿದ್ದಾರೆ. ಅವರು ನೂಲುತ್ತಿಲ್ಲ, ಕಾಗದ ಓದುತ್ತಿದ್ದಾರೆ. ಚಕ್ರ ಸುಮ್ಮನೆ ನಿಂತಿದೆ. ಮನುಷ್ಯನನ್ನು ಹಿಂದೆ ಇಟ್ಟು ಯಂತ್ರವನ್ನು ಮುಂದೆ ತಂದ ಆ ಅಳತೆ, ಕಿಟಕಿಯ ಬೆಳಕಿಗೆ ಫ್ಲ್ಯಾಷ್ ಕೂಡಿಸಿದ ಆ ಲೆಕ್ಕ, ಇವೇ ಚಿತ್ರವನ್ನು ಸಂಕೇತವಾಗಿಸಿದವು. 1946ರಲ್ಲಿ ಪತ್ರಿಕೆ ಇದನ್ನು ಚಿಕ್ಕದಾಗಿ ಅಚ್ಚುಮಾಡಿತು. ಗಾಂಧೀಜಿಯ ಹತ್ಯೆಯ ನಂತರ ದೊಡ್ಡದಾಗಿ ಅಚ್ಚಾದಾಗಲೇ ಅದಕ್ಕೆ ಇಂದಿನ ಅರ್ಥ ಬಂದದ್ದು.

ಇದಕ್ಕೆ ಎದುರಾಗಿ ಇಡಬೇಕಾದದ್ದು ಕನು ಗಾಂಧಿಯವರ ಕೆಲಸ. ಗಾಂಧೀಜಿಯ ಸೋದರ ಸಂಬಂಧಿಯ ಮೊಮ್ಮಗನಾದ ಆತನಿಗೆ ಚಿತ್ರ ತೆಗೆಯಲು ಮೂರು ಷರತ್ತುಗಳಿದ್ದವು: ಫ್ಲ್ಯಾಷ್ ಬಳಸಬಾರದು, ಭಂಗಿ ಕೊಡಿರೆಂದು ಕೇಳಬಾರದು, ಖರ್ಚಿಗೆ ಆಶ್ರಮದ ಹಣ ಸಿಗದು. ಘನಶ್ಯಾಮದಾಸ್ ಬಿರ್ಲಾ ಕೊಟ್ಟ 100 ರೂಪಾಯಿಯಲ್ಲಿ ಕ್ಯಾಮೆರಾ ಬಂತು. ಆತನ ಚಿತ್ರಗಳಲ್ಲಿ ನೂಲುವುದು ದಿನದ ಒಂದು ಕೆಲಸ, ಊಟ ನಿದ್ದೆಗಳ ಹಾಗೆ. ಎಷ್ಟೋ ಕಡೆ ಗಾಂಧೀಜಿಯ ಬೆನ್ನು ಮಾತ್ರ ಕಾಣುತ್ತದೆ, ಚೌಕಟ್ಟು ಓರೆಯಾಗಿರುತ್ತದೆ, ಬೆಳಕು ಸಾಲದೆ ಮಸುಕಾಗಿರುತ್ತದೆ. ಬರ್ಕ್‌ವೈಟ್ ಚಿತ್ರವನ್ನು ಗೋಡೆಗೆ ಹಾಕಬಹುದು. ಕನು ಗಾಂಧಿಯವರದು ಮನೆಯ ಆಲ್ಬಮ್ಮಿನಂತೆ ಪುಟ ತಿರುಗಿಸುತ್ತ ನೋಡಬೇಕಾದದ್ದು, ಒಂದರಿಂದ ಏನೂ ತಿಳಿಯದು.

ಚೆಲುವನ್ನೇ ಗುರಿಯಾಗಿಟ್ಟ ‘ಪಿಕ್ಟೋರಿಯಲ್’ ಶೈಲಿಯ ಕಾಲವೂ ಅದೇ. ಬೆಳಗಿನ ಮಂಜು, ಓರೆಯಾಗಿ ಬೀಳುವ ಬಿಸಿಲು, ಉದ್ದ ನೆರಳು, ಹದವಾದ ಮೃದುತನ ಇದರ ಲಕ್ಷಣ. ಅಹಮದಾಬಾದಿನ ಪ್ರಾಣಲಾಲ್ ಪಟೇಲರು (1910–2014) ಈ ಬೆಳಕಿನ ಪಾಠ ಚೆನ್ನಾಗಿ ಕಲಿತವರು. ಆದರೆ ಮೃದುಲಾ ಸಾರಾಭಾಯಿ ಕಟ್ಟಿದ ‘ಜ್ಯೋತಿ ಸಂಘ’ 1937ರಲ್ಲಿ ಊರಿನ ದುಡಿಯುವ ಹೆಂಗಸರ ಚಿತ್ರ ತೆಗೆಯಲು ಹೇಳಿದಾಗ ಅದೇ ಬೆಳಕನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಸಂತೆಯ ಹೆಂಗಸರು, ಕೂಲಿಯ ಹೆಂಗಸರು ಆ ಚಿತ್ರಗಳಲ್ಲಿದ್ದಾರೆ. ಅಲ್ಲಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದಿರುತ್ತದೆ, ತಲೆಗೆ ಹೊದ್ದಿರುತ್ತದೆ. ಉಟ್ಟ ಬಟ್ಟೆ ಮೈಗೆ ಹೇಗೆ ಒಗ್ಗಿಕೊಂಡು ದುಡಿಯುತ್ತದೆ ಎಂಬುದಕ್ಕೆ ಅವು ಸಾಕ್ಷಿ. ಶೈಲಿಗಳ ನಡುವೆ ಗೋಡೆಯಿಲ್ಲ ಎಂಬುದಕ್ಕೂ.

1966ರಲ್ಲಿ ಅಹಮದಾಬಾದಿನಲ್ಲಿ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ-ಬ್ರೆಸ್ಸಾನ್ ತೆಗೆದ ಒಂದು ಚಿತ್ರ ಬಟ್ಟೆಯ ಚಿತ್ರಗಳಲ್ಲೇ ಮೇಲುಮಟ್ಟದ್ದು. ಆ ಹೊತ್ತಿಗೆ ಪಾಲ್ಡಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಗಿ ಐದು ವರ್ಷ. ಅಲ್ಲಿಗೆ ಬಂದುಹೋದ ದೊಡ್ಡ ಹೆಸರುಗಳಲ್ಲಿ ಅವರದೂ ಒಂದು. ಬರಿ ನೆಲದ ಮೇಲೆ ಉದ್ದುದ್ದ ಬಟ್ಟೆಗಳನ್ನು ಹೆಂಗಸರು ಬಿಸಿಲಿಗೆ ಹಾಸುತ್ತಿದ್ದಾರೆ, ಅಷ್ಟೇ ವಿಷಯ. ಪಟ್ಟಿಪಟ್ಟಿಯಾಗಿ ಹರಡಿದ ಬಟ್ಟೆಗಳು ಚೌಕಟ್ಟನ್ನು ಸೀಳಿಕೊಂಡು ಹೋಗುತ್ತವೆ. ಹೆಂಗಸರು ಆ ಗೆರೆಗಳ ನಡುವೆ ನಿಂತಿದ್ದಾರೆ. ಲೈಕಾ ಕ್ಯಾಮೆರಾ, 50 ಮಿಲಿಮೀಟರ್ ಲೆನ್ಸು, ಇದ್ದ ಬೆಳಕು, ಫ್ಲ್ಯಾಷ್ ಇಲ್ಲ. ತೆಗೆದ ಮೇಲೆ ಅಂಚು ಕತ್ತರಿಸುವುದೂ ಅವರ ಪದ್ಧತಿಯಲ್ಲ. ಎಲ್ಲವೂ ಗುಂಡಿ ಒತ್ತಿದ ಆ ಕ್ಷಣದಲ್ಲೇ ಕೂಡಿಬರಬೇಕು. ಈ ಚಿತ್ರ ಕೇಳುವ ಪ್ರಶ್ನೆ ಬಟ್ಟೆ ಯಾವುದೆಂಬುದಲ್ಲ; ಮೈ, ಬಟ್ಟೆ, ನೆಲ ಮೂರೂ ಒಂದೇ ಲಯಕ್ಕೆ ಬಂದದ್ದು ಯಾವಾಗ ಎಂಬುದು.

ಅದರಲ್ಲಿ ಬಣ್ಣವಿಲ್ಲ. ಸೀರೆಯ ಚಿತ್ರದಲ್ಲಿ ಬಣ್ಣವನ್ನೇ ಬಿಡುವುದು ಸರಿಯೇ ಎಂಬ ಪ್ರಶ್ನೆ ಸಹಜ. ಅದೇ 1966ರಲ್ಲಿ ಜೈಪುರದಲ್ಲಿ ಕಾರ್ಟಿಯೆ-ಬ್ರೆಸ್ಸಾನ್ ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡ ರಘುಬೀರ್ ಸಿಂಗ್ (1942–1999) ಮುಂದೆ ಜೀವಮಾನವಿಡೀ ಬಣ್ಣದ ಫಿಲ್ಮಿನಲ್ಲೇ ದುಡಿದರು; ಭಾರತವನ್ನು ಬಣ್ಣವಿಲ್ಲದೆ ಕಾಣಲಾಗದು ಎಂದು ವಾದಿಸಿದರು. ಆ ವಾದಕ್ಕೆ ತೂಕವಿದೆ. ಆದರೂ ಒಣಗುವ ಬಟ್ಟೆಗಳ ಈ ಚಿತ್ರಕ್ಕೆ ಬಣ್ಣ ಬಂದಿದ್ದರೆ ಕಣ್ಣು ಮೊದಲು ಕೆಂಪಿಗೆ ಹೋಗುತ್ತಿತ್ತು, ಗೆರೆಗಳ ನಡೆಯನ್ನು ಹಿಡಿಯುತ್ತಿರಲಿಲ್ಲ. ಬಣ್ಣ ಬಿಟ್ಟದ್ದರಿಂದ ಚಿತ್ರಕ್ಕೆ ಲಾಭವೇ ಆಗಿದೆ.

ಅಹಮದಾಬಾದಿನಲ್ಲೇ ಬಟ್ಟೆಯೇ ಕಾಣದ ಬಟ್ಟೆಯ ಚಿತ್ರಗಳೂ ಹುಟ್ಟಿವೆ. ಗಿರಣಿ ಮಾಲೀಕರ ಸಂಘದ ಕಟ್ಟಡವನ್ನು ಲೆ ಕಾರ್ಬೂಸಿಯೆ 1954ರಲ್ಲಿ ಮುಗಿಸಿಕೊಟ್ಟರು. ಅದರ ಬೆನ್ನು ಸಾಬರಮತಿಯ ಕಡೆಗಿದೆ. ಹೊಳೆಯ ಮರಳಲ್ಲಿ ಬಣ್ಣಗಾರರು ಬಟ್ಟೆ ತೊಳೆದು ಹಾಸುವುದು, ಎಮ್ಮೆಗಳು ನೀರಲ್ಲಿ ಬಿದ್ದಿರುವುದು ಆ ಕಟ್ಟಡದಿಂದ ಕಾಣುವ ನೋಟವೆಂದು ವಾಸ್ತುಶಿಲ್ಪಿ ತಾವೇ ಬರೆದಿಟ್ಟಿದ್ದಾರೆ. ಅವರ ಛಾಯಾಗ್ರಾಹಕ ಲೂಸಿಯೆನ್ ಎರ್ವೆ 1955ರಲ್ಲಿ ಭಾರತಕ್ಕೆ ಬಂದು ಈ ಕಟ್ಟಡದ ಚಿತ್ರಗಳನ್ನು ತೆಗೆದರು. ಅವರ ಶೈಲಿ ಕಾರ್ಟಿಯೆ-ಬ್ರೆಸ್ಸಾನ್‌ಗೆ ಪೂರಾ ಉಲ್ಟಾ: ಚಿತ್ರ ಅಚ್ಚಾದ ಮೇಲೆ ಕತ್ತರಿ ಹಿಡಿದು ಅಂಚುಗಳನ್ನು ಕತ್ತರಿಸುತ್ತ, ನೆರಳು ಮತ್ತು ಕಾಂಕ್ರೀಟಿನ ಒಂದು ತುಣುಕು ಮಾತ್ರ ಉಳಿಯುವಂತೆ ಮಾಡುವುದು. ಪಶ್ಚಿಮದ ಬಿಸಿಲು ತಡೆಯಲು ಓರೆಯಾಗಿ ನಿಲ್ಲಿಸಿದ ಕಾಂಕ್ರೀಟು ಹಲಗೆಗಳು ಇಂಥ ಕಣ್ಣಿಗೆ ಕಪ್ಪು ಬಿಳುಪಿನ ಪಟ್ಟೆಗಳಾಗುತ್ತವೆ. ಗಿರಣಿಯ ಹಣದಿಂದ ಎದ್ದ ಕಟ್ಟಡದ ಮೈಮೇಲೆ ನೆರಳು ನೇಯ್ಗೆಯಂತೆ ಬೀಳುತ್ತದೆ. ಹೊಳೆಯ ಮರಳು ಹಾಸು ಈಗ ಇಲ್ಲ. ಎರಡೂ ದಂಡೆಗೆ ಕಾಂಕ್ರೀಟು ಗೋಡೆ ಎದ್ದು, ನರ್ಮದೆಯ ನೀರು ತುಂಬಿ ನಿಂತಿದೆ. ಲೆ ಕಾರ್ಬೂಸಿಯೆ ಬರೆದಿಟ್ಟ ನೋಟಕ್ಕೂ ಬಟ್ಟೆ ಹಾಸುವ ಆ ಕೆಲಸಕ್ಕೂ ಹೊಳೆಯಲ್ಲಿ ಇನ್ನು ಜಾಗವಿಲ್ಲ.

ವಡೋದರಾದಲ್ಲಿ ಬೆಳೆದದ್ದು ಇನ್ನೊಂದು ದಾರಿ. ಭಾವನಗರದಲ್ಲಿ 1934ರಲ್ಲಿ ಹುಟ್ಟಿದ ಜ್ಯೋತಿ ಭಟ್ ಚಿತ್ರಕಾರರು, ಅಚ್ಚುಕಲೆಯ ನಿಪುಣರು. 1967ರಲ್ಲಿ ಗುಜರಾತಿನ ಜನಪದ ಕಲೆಯ ವಿಚಾರಗೋಷ್ಠಿಗೆಂದು ಹಳ್ಳಿಗಳ ಚಿತ್ರ ತೆಗೆಯಲು ಹೊರಟವರು ಆ ಕೆಲಸದಲ್ಲೇ ದಶಕಗಳನ್ನು ಕಳೆದರು. ಶಿಲ್ಪಿ ರಾಘವ್ ಕನೇರಿಯಾ ಎಷ್ಟೋ ಪಯಣಗಳಲ್ಲಿ ಅವರ ಜೊತೆಗಾರ. ಕಸೂತಿಯ ತೋರಣವನ್ನು ಗೋಡೆಯಿಂದ ಬಿಡಿಸಿ ತಂದು ತೆಗೆದರೆ ಅದು ಸಂಗ್ರಹಾಲಯದ ಚಿತ್ರ. ಜ್ಯೋತಿ ಭಟ್ ಅದನ್ನು ಬಾಗಿಲಿನ ಮೇಲೆಯೇ ಬಿಟ್ಟು, ಹೊಲಿದವಳನ್ನೂ ಆ ಬಾಗಿಲನ್ನೂ ಮಣ್ಣಿನ ಗೋಡೆಯನ್ನೂ ಕೂಡಿಸಿ, ನೇರ ಎದುರಿನಿಂದ ತೆಗೆಯುತ್ತಾರೆ. ಆಗ ರವಿಕೆಯ ಕಸೂತಿ, ಕೈಯ ಹಚ್ಚೆ, ಗೋಡೆಯ ಬರಹ ಮೂರರಲ್ಲೂ ಅದೇ ನವಿಲು, ಅದೇ ಚುಕ್ಕಿ ಇರುವುದು ಒಂದೇ ನೋಟಕ್ಕೆ ಸಿಗುತ್ತದೆ. ಬಟ್ಟೆಯನ್ನು ಬೇರೆಯಾಗಿಟ್ಟು ನೋಡಿದರೆ ಈ ನಂಟು ತಿಳಿಯುವುದೇ ಇಲ್ಲ. ಈ ಶೈಲಿಯಲ್ಲಿ ಛಾಯಾಗ್ರಾಹಕನ ಚಳಕ ಕಾಣುವುದು ಕಡಿಮೆ. ತಿಳಿವಳಿಕೆ ಕಾಣುವುದು ಹೆಚ್ಚು.

ಗಿರಣಿಗಳು 1980ರ ಮತ್ತು 1990ರ ದಶಕಗಳಲ್ಲಿ ಒಂದೊಂದಾಗಿ ಮುಚ್ಚಿದಾಗ ಬಟ್ಟೆಯ ಕಥೆ ಬಟ್ಟೆಯಿಲ್ಲದವರ ಕಥೆಯಾಯಿತು. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಅವರ ಬರಹಕ್ಕೆ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಪಾರ್ಥಿವ್ ಶಾ ಚಿತ್ರಗಳನ್ನು ಕೊಟ್ಟು, 2004ರಲ್ಲಿ ಇಬ್ಬರೂ ಒಂದು ಪುಸ್ತಕ ತಂದರು. ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರೇ ಅದರ ವಿಷಯ. ಇದು ಚಿತ್ರಪ್ರಬಂಧದ ಶೈಲಿ. ಒಂದು ಚಿತ್ರ ಇನ್ನೊಂದಕ್ಕೆ ಆಸರೆ. ಚಿತ್ರದ ಪಕ್ಕದ ಮಾತು ಎರಡಕ್ಕೂ ಆಸರೆ. ಕ್ಷಣದ ಚೆಲುವಿಗೆ ಕಾಯುವ ಕಣ್ಣು ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ತೋರಿಸಬೇಕಾದದ್ದು ಏನೂ ನಡೆಯದ ದಿನಗಳನ್ನು.

ಸೂರತ್ತಿನಲ್ಲಿ ಅದಕ್ಕೆ ವಿರುದ್ಧವಾದ ನೋಟ. ಅಲ್ಲಿ ಯಂತ್ರ ನಿಲ್ಲುವುದೇ ಇಲ್ಲ. ಹತ್ತಿರದ ಸಚಿನ್ ಕೈಗಾರಿಕಾ ಪ್ರದೇಶದ ಬಟ್ಟೆ ಕಾರ್ಖಾನೆಯಲ್ಲಿ ರಾಹುಲ್ ಜೈನ್ 2016ರಲ್ಲಿ ‘ಮಶೀನ್ಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. 2017ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದರ ಛಾಯಾಗ್ರಹಣಕ್ಕೆ ವಿಶೇಷ ಪ್ರಶಸ್ತಿ ಬಂತು. ಕ್ಯಾಮೆರಾ ಕತ್ತಲೆ ಓಣಿಗಳಲ್ಲಿ ನಿಧಾನಕ್ಕೆ ಸಾಗುತ್ತದೆ, ಮಾತು ಕಡಿಮೆ, ಯಂತ್ರದ ಸದ್ದು ಹೆಚ್ಚು. ಯಂತ್ರದ ಮುಂದೆ ನಿಂತಲ್ಲೇ ತೂಕಡಿಸುವ ಒಬ್ಬ ಹುಡುಗನ ಮೇಲೆ ಅದು ಕಣ್ಣು ನೆಟ್ಟು ನಿಲ್ಲುತ್ತದೆ. ಬಣ್ಣಗಳು ಬಹಳ ಚೆಲುವಾಗಿವೆ. ಇಷ್ಟು ಕಷ್ಟವನ್ನು ಇಷ್ಟು ಚೆಂದ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆ ಬಟ್ಟೆ ಅಂಗಡಿಗೆ ಹೋಗುವುದೇ ಆ ಚೆಲುವಿನ ಬಲದಿಂದ ಆದ್ದರಿಂದ, ಚೆಲುವಿನ ಬೆಲೆಯನ್ನು ಚೆಲುವಿನೊಂದಿಗೇ ತೋರಿಸಿದ್ದು ಸರಿಯೇ.

ಅದೇ ಸೂರತ್ತಿನ ಸೀರೆ ಕ್ಯಾಟಲಾಗುಗಳಲ್ಲಿ ಕಾರ್ಮಿಕನೂ ಇಲ್ಲ, ಮಗ್ಗವೂ ಇಲ್ಲ. ರೂಪದರ್ಶಿಯ ಎಡಗೈ ಮೇಲೆ ಸೆರಗನ್ನು ಹರಡಿ, ಒಡಲು, ಅಂಚು, ಸೆರಗು ಮೂರೂ ಒಂದೇ ಚಿತ್ರದಲ್ಲಿ ಕಾಣುವಂತೆ ನಿಲ್ಲಿಸುತ್ತಾರೆ. ಮೂಲೆಯಲ್ಲಿ ವಿನ್ಯಾಸದ ಸಂಖ್ಯೆ. ದೊಡ್ಡ ಮೃದು ಬೆಳಕಿನಿಂದ ಬಟ್ಟೆಯ ಹೊಳಪನ್ನು ಎತ್ತಿ, ಸುಕ್ಕನ್ನು ಅಳಿಸುತ್ತಾರೆ. ಕಲೆಯ ಚರ್ಚೆಗಳಲ್ಲಿ ಈ ಶೈಲಿಗೆ ಯಾರೂ ಜಾಗ ಕೊಡುವುದಿಲ್ಲ. ಆದರೆ ದೇಶದ ಬಹುಪಾಲು ಜನರ ಕಣ್ಣಿಗೆ ಬೀಳುವ ಬಟ್ಟೆಯ ಚಿತ್ರ ಇದೇ, ಮತ್ತು ಇದರ ಗುಣವನ್ನು ದಾಖಲೆಯ ಶೈಲಿಯಿಂದಲೇ ಅಳೆಯಬಹುದು: ಚಿತ್ರದ ಬಣ್ಣ ಮನೆಗೆ ಬಂದ ಸೀರೆಯ ಬಣ್ಣಕ್ಕೆ ಹೊಂದಬೇಕು.

ಇವೆಲ್ಲವನ್ನೂ ಕೈಯಾರೆ ಮಾಡಿ ನೋಡಲು ದೂರ ಹೋಗಬೇಕಿಲ್ಲ. ಬೋಡಕ್‌ದೇವ್‌ನ ಕನ್ನಡ ಮನೆಯೊಂದರ ಕಪಾಟಿನಲ್ಲಿ ಇಳಕಲ್ ಸೀರೆ ಒಂದಿದ್ದರೆ ಸಾಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ದಾಖಲೆಗೆಂದು ತೆಗೆಯುವವರು ಸೀರೆಯ ಒಳಮೈ ತಿರುವಿ, ಆ ಕೊಂಡಿಗಳ ಸಾಲಿಗೆ ಬದಿಯಿಂದ ಬೆಳಕು ಕೊಡಬೇಕು. ಅದೇ ಸೀರೆ ತಾರಸಿಯ ಹಗ್ಗದ ಮೇಲೆ ಗಾಳಿಗೆ ಹಾರುವಾಗ ಶಟರ್ ವೇಗವನ್ನು ಸೆಕೆಂಡಿನ 1/500ಕ್ಕೆ ಇಟ್ಟರೆ ಮಡಿಕೆಗಳು ಕೆತ್ತಿದಂತೆ ನಿಲ್ಲುತ್ತವೆ, 1/15ಕ್ಕೆ ಇಳಿಸಿದರೆ ಗಾಳಿಯೇ ಚಿತ್ರವಾಗುತ್ತದೆ. ಉಡುವಾಗ, ಮಡಿಚುವಾಗ, ಮಗಳ ಕೈಗೆ ಕೊಡುವಾಗ ಸುಮ್ಮನೆ ಪಕ್ಕದಲ್ಲಿದ್ದು ತೆಗೆದರೆ ಕನು ಗಾಂಧಿಯವರ ದಾರಿ. ಉಟ್ಟವರನ್ನು ಅವರ ಅಡುಗೆಮನೆಯ ಬಾಗಿಲಲ್ಲಿ ನೇರ ನಿಲ್ಲಿಸಿದರೆ ಜ್ಯೋತಿ ಭಟ್ಟರದು.

ಕೊನೆಯ ಕೆಲಸ ಜೋಡಣೆ. ಚಿತ್ರಗಳನ್ನು ಶೈಲಿವಾರು ಗುಂಪು ಮಾಡಿದರೆ ಅವು ಒಂದಕ್ಕೊಂದು ಮಾತಾಡುವುದಿಲ್ಲ. ಕೊಂಡಿಯನ್ನು ಹತ್ತಿರದಿಂದ ತೆಗೆದ ಚಿತ್ರದ ಪಕ್ಕದಲ್ಲೇ ಸೆರಗು ಹೊದ್ದ ಮುಖವನ್ನಿಟ್ಟರೆ ನೋಡುವವರ ಕಣ್ಣು ಎರಡರ ನಡುವೆ ಓಡಾಡಿ, ಈ ಎಳೆ ಆ ಹೆಗಲ ಮೇಲೆ ಎಲ್ಲಿ ಬರುತ್ತದೆಂದು ಹುಡುಕುತ್ತದೆ. ಬಣ್ಣದ ಚಿತ್ರವನ್ನೂ ಕಪ್ಪು ಬಿಳುಪಿನದನ್ನೂ ಒಂದೇ ಪುಟದಲ್ಲಿ ಇಡುವುದಾದರೆ ಬಣ್ಣದ್ದು ಚಿಕ್ಕದಾಗಿರಬೇಕು. ಇಲ್ಲವಾದರೆ ಅದು ಪಕ್ಕದ ಚಿತ್ರವನ್ನು ನುಂಗುತ್ತದೆ. ಎಂಟು ಹತ್ತು ಚಿತ್ರಗಳಲ್ಲಿ ಒಂದರಲ್ಲಾದರೂ ಮನುಷ್ಯರ ಕೈ ಇರಲಿ, ಒಂದರಲ್ಲಾದರೂ ಬಟ್ಟೆಯ ಹೊರತು ಬೇರೇನೂ ಇಲ್ಲದಿರಲಿ.